ಸಹಾಯ ಬೇಕು: ರೂಪಿನ್ ಪಾಸ್‌ಗೆ ನಾನು ರೆಡಿನಾ?

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಹಿಮಾಲಯದ ರೂಪಿನ್ ಪಾಸ್‌ಗೆ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಚಾರಣ ಹೋಗಬೇಕು ಅಂತ ಆಸೆ. ಉತ್ತರಾಖಂಡದ ಧೌಲಾದಿಂದ ಹಿಮಾಚಲದ ಸಾಂಗ್ಲಾವರೆಗೆ. ಎತ್ತರ ಸುಮಾರು 4,650 ಮೀಟರ್. ನನ್ನ ಚಾರಣದ ಅನುಭವ ಒಂದೇ, ಉತ್ತರಾಖಂಡದ ಕೇದಾರಕಂಠ ಶಿಖರ. ಅದು 3,800 ಮೀಟರ್ ಆಸುಪಾಸು.

ಈಗ 5 ಕಿಲೋಮೀಟರ್ ಓಟಕ್ಕೆ 38 ನಿಮಿಷ ಹಿಡಿಯುತ್ತದೆ. 8 ಕೆಜಿ ಚೀಲ ಹೊತ್ತು ಮೆಟ್ಟಿಲು ಹತ್ತುತ್ತೇನೆ. ಹತ್ತುವುದು ಪರವಾಗಿಲ್ಲ, ಇಳಿಯುವಾಗ ಮಂಡಿ ಗೊಣಗುತ್ತದೆ.

ನಿಜವಾದ ಭಯ ಬೇರೆ. ಕೇದಾರಕಂಠದಲ್ಲಿ ಎರಡನೇ ರಾತ್ರಿ ತಲೆನೋವು, ವಾಕರಿಕೆ ಬಂದಿತ್ತು. ಸುಸ್ತು ಅಂದುಕೊಂಡು ಯಾರಿಗೂ ಹೇಳದೆ ಸುಮ್ನೆ ಮಲಗಿದೆ. ದಡ್ಡತನ, ಗೊತ್ತು. ಚೆನ್ನಾಗಿ ಓಡುವವರಿಗೂ ಎತ್ತರದ ಕಾಯಿಲೆ ಬರುತ್ತದೆ ಅಲ್ವಾ? 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತಾರೆ. ಪಾಸ್ ದಾಟಿದವರು ಹೇಳಿ, ನಿಮ್ಮ ತಂಡ ಇದನ್ನು ಪಾಲಿಸಿತ್ತಾ? ಹೆಚ್ಚುವರಿ ವಿಶ್ರಾಂತಿ ದಿನ ಕೇಳಬೇಕಾ?

ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಬಗ್ಗೆ ಡಾಕ್ಟರನ್ನೇ ಕೇಳುತ್ತೇನೆ. ನನಗೆ ಬೇಕಿರುವುದು ಪಾಸ್‌ನ ತುದಿಗೆ ಏರುವ ಕೊನೆಯ ಹಿಮದ ಗಲ್ಲಿ (ಬಂಡೆಗಳ ನಡುವಿನ ಕಡಿದಾದ ಇಕ್ಕಟ್ಟು ದಾರಿ) ಹತ್ತಿದವರ ಅನುಭವ. ಅಲ್ಲಿ ಕಾಲು ಸೋಲುತ್ತದಾ, ಉಸಿರಾ? ಈ ವರ್ಷ ಬೇಡ ಅನಿಸಿದರೆ ಮುಚ್ಚಿಡದೆ ಹೇಳಿಬಿಡಿ, ಬೇಜಾರಿಲ್ಲ.