ಅಪ್ಪನ ಫೋನಿಗೂ ವಖಾರಿಯ ಕಂಪ್ಯೂಟರಿಗೂ ಬರುವ ಖೋಟಾ ಮೇಲ್: ಗುರುತು ಹಿಡಿಯುವುದು ಹೇಗೆ?

ಕೇಳಿದವರು, ಶಿರಸಿ:
ಊರು ಕುಮಟಾ, ಅಪ್ಪ-ಆಯಿ ಅಲ್ಲೇ ಇದ್ದಾರೆ. ಅಪ್ಪ ಮೇಲ್ ನೋಡುವುದು ಫೋನಿನಲ್ಲಿ ಮಾತ್ರ. ‘ನಿಮ್ಮ ಆದಾಯ ತೆರಿಗೆ ರಿಫಂಡ್ ಮಂಜೂರಾಗಿದೆ, 24 ಗಂಟೆಯೊಳಗೆ ಖಾತೆ ದೃಢೀಕರಿಸಿ’ ಅಂತ ಒಂದು ಬಂದಿದೆ, ಅದೂ ಅಚ್ಚುಕಟ್ಟಾದ ಕನ್ನಡದಲ್ಲಿ. ನಾನು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವಳು. ಅಲ್ಲಿಗೂ ಇಂಥವು ಬರುತ್ತಲೇ ಇರುತ್ತವೆ. ಬಲ್ಲವರು ಹೇಳಿ.

ಹೊನ್ನಾವರದಿಂದ:
ಕಾಗುಣಿತ ತಪ್ಪಿದೆಯಾ ನೋಡಿ. ಖೋಟಾ ಮೇಲಿನಲ್ಲಿ ಇದ್ದೇ ಇರುತ್ತದೆ.

ಕಾರವಾರದಿಂದ, ಕಂಪ್ಯೂಟರ್ ಜಾಲ ನೋಡಿಕೊಳ್ಳುವವರು:
ಆ ಕಾಲ ಹೋಯ್ತು ಮಾರಾಯ್ರೆ. ಈಗ ಯಂತ್ರವೇ ತಪ್ಪಿಲ್ಲದ ಕನ್ನಡ ಬರೆದುಕೊಡುತ್ತದೆ. ಲೋಗೋ ಯಾರು ಬೇಕಾದರೂ ಅಂಟಿಸಬಹುದು. ಕಳಿಸಿದವರ ಹೆಸರೂ ಅಷ್ಟೇ, ‘ಆದಾಯ ತೆರಿಗೆ ಇಲಾಖೆ’ ಅಂತ ನನ್ನ ಮೇಲಿಗೆ ನಾನೂ ಇಟ್ಟುಕೊಳ್ಳಬಹುದು. ನೋಡಬೇಕಾದದ್ದು ವಿಳಾಸ.

ಫೋನಿನ ಜೀಮೇಲಿನಲ್ಲಿ ಹೆಸರಿನ ಕೆಳಗೆ ‘ಟು ಮಿ’ ಅಂತ ಸಣ್ಣಕ್ಕೆ ಇರುತ್ತದಲ್ಲ, ಅದನ್ನು ಮುಟ್ಟಿ. ಕಳಿಸಿದವರ ಪೂರ್ತಿ ವಿಳಾಸ ಕಾಣುತ್ತದೆ. ಲಿಂಕನ್ನು ಒತ್ತಿ ಬಿಡಬೇಡಿ, ಒತ್ತಿ ಹಿಡಿಯಿರಿ. ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ತೆರೆಯದೆಯೇ ಕಾಣುತ್ತದೆ. ಕಂಪ್ಯೂಟರಿನಲ್ಲಾದರೆ ಮೌಸ್ ಬಾಣವನ್ನು ಲಿಂಕಿನ ಮೇಲೆ ಇಟ್ಟರೆ ಸಾಕು, ಕೆಳಗಿನ ಎಡಮೂಲೆಯಲ್ಲಿ ಬರುತ್ತದೆ.

ಇನ್ನು ಓದುವ ರೀತಿ. ‘ಎಚ್‌ಟಿಟಿಪಿಎಸ್’ ಆದಮೇಲಿನ ಜೋಡಿ ಗೆರೆ ಬಿಟ್ಟು, ನಂತರ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ. ಅಲ್ಲಿಂದ ಎಡಕ್ಕೆ, ಹಿಂದುಹಿಂದಕ್ಕೆ ಓದಿ. ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಡಾಟ್ ರಿಫಂಡ್-ಸ್ಟೇಟಸ್ ಡಾಟ್ ಟಾಪ್’ ಅಂತಿದ್ದರೆ ಅದರ ಒಡೆಯ ‘ರಿಫಂಡ್-ಸ್ಟೇಟಸ್ ಡಾಟ್ ಟಾಪ್’ ಕೊಂಡವನು. ಅದರ ಎಡಕ್ಕಿರುವುದೆಲ್ಲ ಅವನೇ ಬರೆದುಕೊಂಡ ಬೋರ್ಡು. ‘ಕಾರವಾರ ಮೀನೂಟ’ ಅಂತ ಬೋರ್ಡಿದ್ದ ಮಾತ್ರಕ್ಕೆ ಹೋಟೆಲ್ ಕಾರವಾರದಲ್ಲೇ ಇರಬೇಕೆಂದಿಲ್ಲವಲ್ಲ, ಹಾಗೆ. ಇಂಗ್ಲಿಷಿನ ಆರ್ ಮತ್ತು ಎನ್ ಒತ್ತೊತ್ತಾಗಿ ನಿಂತರೆ ಎಮ್ ತರಹ ಕಾಣುತ್ತದೆ, ಒಂದು ಎನ್ನುವ ಅಂಕಿ ಎಲ್ ತರಹ. ಅದಕ್ಕೆ ಅಕ್ಷರ ಅಕ್ಷರ ನೋಡಬೇಕು. ವಿಳಾಸದ ಪಕ್ಕದ ಬೀಗದ ಚಿತ್ರ ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಅಂತಷ್ಟೇ ಅದರ ಅರ್ಥ, ಆಚೆ ಕೂತವನು ಸಾಚಾ ಅಂತಲ್ಲ.

ಬ್ಯಾಂಕಿನ ವಿಷಯದಲ್ಲಿ ಒಂದು ಅನುಕೂಲ ಆಗಿದೆ. 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಆ ಬಾಲ ಬ್ಯಾಂಕಲ್ಲದವರಿಗೆ ಸಿಗುವುದಿಲ್ಲ.

ಶಿರಸಿಯಿಂದ, ತೆರಿಗೆ ಲೆಕ್ಕ ನೋಡುವವರು:
ತಂಗಿ, ರಿಫಂಡ್ ಹಾಕಲು ಇಲಾಖೆ ಯಾರ ಕ್ಲಿಕ್ಕಿಗೂ ಕಾಯುವುದಿಲ್ಲ. ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿದ ಖಾತೆಗೆ ತಾನಾಗಿ ಬೀಳುತ್ತದೆ. ಖಾತೆ ಸರಿಯಿಲ್ಲದೆ ರಿಫಂಡ್ ವಾಪಸಾದರೆ ನಿಜವಾದ ಮೇಲೂ ಬರುವುದುಂಟು. ಆಗಲೂ ಕೆಲಸ ಪೋರ್ಟಲಿನೊಳಗೇ. ಮೇಲ್‌ನಲ್ಲಿರುವ ಲಿಂಕ್ ಬಿಟ್ಟು, ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಅಂತ ಕೈಯಲ್ಲೇ ಹೊಡೆದು, ಲಾಗಿನ್ ಆಗಿ, ಸಲ್ಲಿಸಿದ ರಿಟರ್ನಿನ ಪುಟ ನೋಡಿದರೆ ರಿಫಂಡ್ ಯಾವ ಹಂತದಲ್ಲಿದೆ ಗೊತ್ತಾಗುತ್ತದೆ. ನೋಟೀಸು ಅಂತ ಹೆದರಿಸಿದ್ದರೆ ಅದರಲ್ಲಿ ಡಿಐಎನ್, ಅಂದರೆ ಇಲಾಖೆ ತನ್ನ ಪತ್ರಕ್ಕೆ ಕೊಡುವ ಗುರುತಿನ ಸಂಖ್ಯೆ, ಇದೆಯಾ ನೋಡಿ, 2019ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಪೋರ್ಟಲಿನ ಮೊದಲ ಪುಟದಲ್ಲೇ, ಲಾಗಿನ್ ಇಲ್ಲದೆ, ಆ ಸಂಖ್ಯೆ ಅಸಲಿಯೋ ಅಂತ ತಾಳೆ ನೋಡಬಹುದು.

ಯಲ್ಲಾಪುರದಿಂದ, ವ್ಯಾಪಾರದ ಪಾವತಿ ನೋಡುವವರು:
ವಿಳಾಸ ನೋಡುವುದು ಮನೆಗೆ ಸಾಕು, ವಖಾರಿಗೆ ಸಾಲದು. ಅಲ್ಲಿ ಭಯ ಬೇರೆ. ಕಳ್ಳ ಮೊದಲು ಯಾರದ್ದೋ ಅಸಲಿ ಮೇಲ್‌ಬಾಕ್ಸಿನೊಳಗೆ ಸೇರಿಕೊಂಡು ಸುಮ್ಮನೆ ಓದುತ್ತಾ ಕೂರುತ್ತಾನೆ. ಚಾಲಿ ಅಡಿಕೆ ಎಷ್ಟು ಚೀಲ ಹೋಯಿತು, ಬಿಲ್ ಎಷ್ಟರದ್ದು, ದುಡ್ಡು ಯಾವತ್ತು ಬರಬೇಕು, ಎಲ್ಲ ಅವನಿಗೆ ಗೊತ್ತು. ಸರಿಯಾದ ದಿನಕ್ಕೆ, ಅದೇ ಹಳೆಯ ಮಾತುಕತೆಯ ಕೆಳಗೆ, ‘ಆಡಿಟ್ ನಡೆಯುತ್ತಿದೆ, ಈ ಸಲ ಈ ಖಾತೆಗೆ ಹಾಕಿ’ ಅಂತ ಬರೆಯುತ್ತಾನೆ. ವಿಳಾಸ ನೂರಕ್ಕೆ ನೂರು ಸರಿ, ಯಾವ ಸೋಸುವಿಕೆಗೂ ಸಿಗುವುದಿಲ್ಲ.

ಇದಕ್ಕೆ ಮದ್ದು ಫೋನು. ಖಾತೆ ಬದಲಾಗಿದೆ ಅಂದ ಕೂಡಲೇ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ ಕೇಳಬೇಕು. ಆ ಮೇಲಿನಲ್ಲಿ ಕೊಟ್ಟ ನಂಬರಿಗಲ್ಲ, ಅದು ಅವನದ್ದೇ. ಹೊಸ ಖಾತೆ ಸೇರಿಸುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಇರಲಿ. ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಖಾತೆದಾರರ ಹೆಸರು ಮೊದಲೇ ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಅದನ್ನು ಓದದೆ ಮುಂದಕ್ಕೆ ಒತ್ತುವವರೇ ಜಾಸ್ತಿ. ಫರ್ಮಿನ ಹೆಸರಿರಬೇಕಾದಲ್ಲಿ ಯಾರದ್ದೋ ಒಂಟಿ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ.

ಇದು ತಿರುಗಿಯೂ ಆಗುತ್ತದೆ. ನಿಮ್ಮ ಮೇಲ್ ಕಳ್ಳನ ಕೈಲಿದ್ದರೆ ಗುಜರಾತಿನ ಖರೀದಿದಾರರು ನಿಮಗೆ ಬರಬೇಕಾದ ದುಡ್ಡನ್ನು ಅವನಿಗೆ ಹಾಕುತ್ತಾರೆ. ‘ನಮ್ಮ ಖಾತೆ ಮೇಲ್ ಮೂಲಕ ಬದಲಾಗುವುದಿಲ್ಲ, ಫೋನ್ ಮಾಡಿ ಕೇಳಿ’ ಅಂತ ಪ್ರತಿ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿಬಿಡಿ.

ಗೋಕರ್ಣದಿಂದ:
ಹೋಮ್‌ಸ್ಟೇ ನಡೆಸುವವರಿಗೂ ಒಂದು ಮಾತು. ಬುಕಿಂಗ್ ಡಾಟ್ ಕಾಮ್ ಹೆಸರು ಹೊತ್ತು ‘ಅತಿಥಿ ದೂರು ಕೊಟ್ಟಿದ್ದಾರೆ’ ಅಂತ ಬರುವ ಮೇಲಿನ ಲಿಂಕ್ ಒತ್ತಿದರೆ ‘ನೀವು ಮನುಷ್ಯರೇ ಎಂದು ತೋರಿಸಿ’ ಅನ್ನುವ ಪುಟ ಬರುತ್ತದೆ. ವಿಂಡೋಸ್ ಗುಂಡಿಯ ಜೊತೆ ಆರ್, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಒತ್ತಿ ಅನ್ನುತ್ತದೆ. ಹಾಗೆ ಮಾಡಿದರೆ ಕಳ್ಳನ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಕಂಪ್ಯೂಟರಿಗೆ ಕೊಟ್ಟಂತಾಯಿತು. ಮನುಷ್ಯರೋ ಅಲ್ಲವೋ ನೋಡಲು ಯಾವ ಸಾಚಾ ಪುಟವೂ ಆ ಮೂರು ಒತ್ತು ಕೇಳುವುದಿಲ್ಲ.

ಕಾರವಾರದವರು, ಮತ್ತೆ:
ಲಗತ್ತಿನ ಬಗ್ಗೆ ಹೇಳುವುದು ಬಿಟ್ಟೆ. ‘ಎಚ್‌ಟಿಎಮ್‌ಎಲ್’ ಅಂತ ಕೊನೆಯಾಗುವ ಬಿಲ್ ತೆರೆದರೆ ಲಾಗಿನ್ ಪುಟ ಬರುತ್ತದೆ, ವಿಳಾಸದ ಜಾಗದಲ್ಲಿ ‘ಫೈಲ್’ ಅಂತ ಶುರುವಾಗಿರುತ್ತದೆ. ಬಿಲ್ ನೋಡಲು ಪಾಸ್‌ವರ್ಡ್ ಯಾಕೆ? ವಿಂಡೋಸ್ ಫೈಲಿನ ಬಾಲ ಮುಚ್ಚಿಡುತ್ತದೆ, ಹಾಗಾಗಿ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಅನ್ನುವ ಪ್ರೋಗ್ರಾಮು ಕೂಡ ಪಿಡಿಎಫ್ ಹಾಗೇ ಕಾಣುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’, ಅದರೊಳಗೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಗುರುತು ಹಾಕಿ.

ಪಾಸ್‌ವರ್ಡನ್ನು ಬ್ರೌಸರಿನಲ್ಲೇ ಉಳಿಸುವುದು ಒಳ್ಳೆಯದು. ಬೇರೆ ವಿಳಾಸದ ಪುಟದಲ್ಲಿ ಅದು ತಾನಾಗಿ ತುಂಬುವುದಿಲ್ಲ. ದಿನಾ ತುಂಬುತ್ತಿದ್ದದ್ದು ಇವತ್ತು ಖಾಲಿ ಬಂತು ಅಂದರೆ ಕೈಯಲ್ಲಿ ಹೊಡೆಯಲು ಹೋಗಬೇಡಿ, ಪುಟದ ವಿಳಾಸ ನೋಡಿ. ಒಟಿಪಿಯನ್ನು ಖೋಟಾ ಪುಟ ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ದಾಟಿಸಬಲ್ಲದು. ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನಿನ ಪಿನ್ನಿನಿಂದ ಲಾಗಿನ್ ಆಗುವ ಪಾಸ್‌ಕೀ ಹಾಗಲ್ಲ, ವಿಳಾಸ ಬೇರೆಯಾದರೆ ಕೆಲಸವೇ ಮಾಡುವುದಿಲ್ಲ.

ಕೇಳಿದವರು:
ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ಲಿಂಕ್ ಒತ್ತಿ, ಮೇಲ್ ಪಾಸ್‌ವರ್ಡ್ ಕೊಟ್ಟಾಗಿದೆಯಂತೆ. ಬ್ಯಾಂಕಿನದ್ದು ಏನೂ ಕೊಟ್ಟಿಲ್ಲ.

ಕಾರವಾರದವರು:
ಬರೀ ಒತ್ತಿದ್ದರೆ ಪುಟ ಮುಚ್ಚಿದರೆ ಸಾಕಿತ್ತು. ಪಾಸ್‌ವರ್ಡ್ ಕೊಟ್ಟಿದ್ದರಿಂದ ಈಗಲೇ ಬೇರೆ ಸಾಧನದಿಂದ ಅದನ್ನು ಬದಲಿಸಿ, ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಗುರುತಿಲ್ಲದ ಸಾಧನಗಳನ್ನು ಹೊರಹಾಕಿ. ರಿಕವರಿ ನಂಬರು ಅಪ್ಪನದ್ದೇ ಇದೆಯಾ ನೋಡಿ. ಜನ ಮರೆಯುವುದು ಇನ್ನೊಂದು: ಕಂಪ್ಯೂಟರಿನಲ್ಲಿ ಜೀಮೇಲ್ ಸೆಟ್ಟಿಂಗ್ಸ್ ತೆರೆದು ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ಎರಡೂ ನೋಡಿ. ಬ್ಯಾಂಕಿನ ಮೇಲ್ ಬಂದರೆ ಅಳಿಸು, ನಕಲು ಇನ್ನೊಂದು ವಿಳಾಸಕ್ಕೆ ಕಳಿಸು ಅಂತ ಕಳ್ಳ ಬರೆದಿಟ್ಟಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ. ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇದ್ದರೆ ಅಲ್ಲೂ ಬದಲಿಸಿ.

ಖಾತೆಯಿಂದ ಒಂದು ರೂಪಾಯಿ ಹೋದರೂ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊತ್ತ, ಸಮಯ, ಯುಪಿಐ ಆದರೆ 12 ಅಂಕಿಯ ಉಲ್ಲೇಖ ಸಂಖ್ಯೆ ಕೈಲಿರಲಿ. ದುಡ್ಡು ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಯಬೇಕಾದ್ದರಿಂದ ಬೆಳಗಾಗಲಿ ಅಂತ ಕಾಯಬೇಡಿ. ಆ ಮೇಲನ್ನು ಅಳಿಸಬೇಡಿ ಅಂತ ಅಪ್ಪನಿಗೆ ಹೇಳಿ, ದೂರಿಗೆ ಬೇಕಾಗುತ್ತದೆ.