ಯಾರು ಅಪ್ರೂವ್ ಮಾಡಿದ್ದು?

ಭಾನುವಾರ ಬೆಳಗ್ಗೆ ವಾಕಿಂಗ್ ನೆಪದಲ್ಲಿ ನಾವು ನಾಲ್ವರು ಮನೆ ಬಿಡುತ್ತೇವೆ. ನಡೆಯುವುದು ಕೆರೆ ಏರಿಯ ಅರ್ಧದವರೆಗೆ. ಅಲ್ಲಿಗೆ ಹೋಟೆಲಿನ ಸಾಂಬಾರಿನ ವಾಸನೆ ಬರುತ್ತದೆ. ಏರಿಯ ಉಳಿದರ್ಧ ನೋಡಿ ನನಗಂತೂ ಮೂರು ವರ್ಷವಾಯಿತು.

ಈ ಸಲ ಪುಟ್ಟಸ್ವಾಮಿ ಬರುವಾಗ ಕೈಯಲ್ಲಿ ಒಂದು ಬಣ್ಣದ ಕರಪತ್ರ ಇತ್ತು. ದೋಸೆ ತಟ್ಟೆ ಪಕ್ಕಕ್ಕೆ ಸರಿಸಿ ಅದನ್ನು ಮೇಜಿನ ಮೇಲೆ ಹರಡಿದ. ಪುಟ್ಟಸ್ವಾಮಿ ದೋಸೆಯನ್ನು ಪಕ್ಕಕ್ಕೆ ಸರಿಸಿದ ಅಂದರೆ ವಿಷಯ ದೊಡ್ಡದು ಅಂತಲೇ ಲೆಕ್ಕ.

ಚಿತ್ರದಲ್ಲಿ ಒಂದು ಮನೆ, ಮುಂದೆ ಹುಲ್ಲು, ಹುಲ್ಲಿನ ಮೇಲೆ ನಮ್ಮ ತಾಲ್ಲೂಕಿನಲ್ಲಿ ಎಲ್ಲೂ ಕಾಣದಷ್ಟು ಬೆಳ್ಳಗಿನ ಮಗು. ಲೇಔಟಿನ ಹೆಸರು ಗ್ರೀನ್ ಮೆಡೋಸ್. ಕೆಳಗೆ ದಪ್ಪ ಅಕ್ಷರದಲ್ಲಿ 'ನೂರಕ್ಕೆ ನೂರು ಅಪ್ರೂವ್ಡ್'. ಅದರ ಕೆಳಗೆ ಸಣ್ಣಗೆ 'ಭಾನುವಾರ ಸೈಟ್ ನೋಡಲು ಉಚಿತ ಬಸ್ಸು, ಊಟ'.

"ಫ್ಲ್ಯಾಟ್ ಬೇಡ ಅಂತ ಮನೆಯವಳು ಹೇಳಿಬಿಟ್ಟಿದ್ದಾಳೆ" ಅಂದ ಪುಟ್ಟಸ್ವಾಮಿ. "ನಮ್ಮದೇ ನೆಲ, ನಮ್ಮದೇ ಗೇಟು, ಮುಂದೆ ಒಂದು ಕರಿಬೇವಿನ ಗಿಡ. 30 ಅಡಿಗೆ 40 ಅಡಿ, ಒಂದು ಸೈಟು ಸಾಕು."

"ಮೆಡೋ ಅಂದ್ರೆ ಏನು?" ಮೇಸ್ತ್ರಿ ರಹೀಂ ಕೇಳಿದ.

"ಹುಲ್ಲುಗಾವಲು" ಅಂದೆ.

ಸರ್ವೆ ಸುಬ್ಬಣ್ಣನವರು ಕನ್ನಡಕ ಹಾಕಿಕೊಂಡರು. ಮೂವತ್ತು ವರ್ಷ ಚೈನು ಎಳೆದು ನಿವೃತ್ತರಾದವರು. "ಹುಲ್ಲುಗಾವಲಾ? ನಮ್ಮ ರೆಕಾರ್ಡಲ್ಲಿ ಅದಕ್ಕೆ ಗೋಮಾಳ ಅಂತಾರೆ. ಸರ್ಕಾರದ ಜಾಗ. ಹೆಸರಲ್ಲಾದರೂ ನಿಜ ಹೇಳಿದ್ದಾನೋ ಏನೋ, ಮೊದಲು ಪಹಣಿ ತೆಗೆಸು."

"ಅಪ್ರೂವ್ ಆಗಿದೆ ಸುಬ್ಬಣ್ಣನವರೇ."

"ಯಾರು ಅಪ್ರೂವ್ ಮಾಡಿದ್ದು?"

ಪುಟ್ಟಸ್ವಾಮಿ ಒಂದು ಕ್ಷಣ ತಡವರಿಸಿದ. ಮದುವೆ ಮನೆಯಲ್ಲಿ ಊಟಕ್ಕೆ ಕೂತವನ ಹತ್ತಿರ ಬಂದು 'ನೀವು ಯಾರ ಕಡೆಯವರು' ಅಂತ ಕೇಳಿದ ಹಾಗಾಯಿತು. "ಡಿಸಿ ಕನ್ವರ್ಷನ್ ಆಗಿದೆ ಅಂದ್ರು."

"ಆಗಿರಲಿ. 1964ರ ಭೂ ಕಂದಾಯ ಕಾಯ್ದೆ, 95ನೇ ಸೆಕ್ಷನ್. ಇನ್ನು ಮೇಲೆ ಇಲ್ಲಿ ರಾಗಿ ಬೆಳೆಯೋದು ಬೇಡ, ಮನೆಗೆ ಬಳಸಬಹುದು ಅಂತ ಅದರ ಅರ್ಥ. ಎಷ್ಟು ಮನೆ, ಎಲ್ಲಿ ರಸ್ತೆ, ಎಲ್ಲಿ ಚರಂಡಿ, ಅದನ್ನೆಲ್ಲ ಅದು ಹೇಳಲ್ಲ. ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡೋದು ಯೋಜನಾ ಪ್ರಾಧಿಕಾರ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ."

"ಪಂಚಾಯ್ತಿ ಸೀಲೂ ಇದೆಯಂತೆ."

"ಪ್ರಾಧಿಕಾರದ ವ್ಯಾಪ್ತಿ ಒಳಗೆ ಪಂಚಾಯ್ತಿ ತಾನೇ ಲೇಔಟ್ ಒಪ್ಪೋ ಹಾಗಿಲ್ಲ ಕಣಪ್ಪಾ. ಸೀಲು ಹಾಕೋಕೆ ಇಂಕ್ ಇದ್ದರೆ ಸಾಕು, ಅಧಿಕಾರ ಬೇರೆ."

"ಬ್ಯಾಂಕಿನವರು ಸಾಲ ಕೊಡ್ತಾರಂತೆ."

"ಯಾವ ಬ್ಯಾಂಕು?"

"ಅದು... ಯಾವುದೋ ಸೊಸೈಟಿ."

ರಹೀಂ ಮೆಲ್ಲಗೆ ಕೇಳಿದ: "ಜೋಯಿಸರು ಅಪ್ರೂವ್ ಮಾಡಿದ್ರಾ?"

"ಮೊದಲು ಅವರೇ ಮಾಡಿದ್ದು" ಅಂದ ಪುಟ್ಟಸ್ವಾಮಿ, ಬಹಳ ಗಂಭೀರವಾಗಿ. "ಪೂರ್ವಕ್ಕೆ ಬಾಗಿಲು."

ಸುಬ್ಬಣ್ಣನವರು ಕರಪತ್ರದ ನಕ್ಷೆಯನ್ನು ಬೆಳಕಿಗೆ ಹಿಡಿದರು. "ಒಟ್ಟು ಎಷ್ಟು ಜಮೀನು?"

"ಎರಡು ಎಕರೆ. 64 ಸೈಟು. ಅರ್ಧ ಖಾಲಿ ಆಗಿದೆಯಂತೆ, ಬೇಗ ಟೋಕನ್ ಕೊಡಬೇಕು."

ಆಗ ಸುಬ್ಬಣ್ಣನವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಪುಟ್ಟಸ್ವಾಮಿಯ ಮಸಾಲೆ ದೋಸೆಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ನೋಡು, ಇದು ಒಂದು ಎಕರೆ. 40 ಗುಂಟೆ. ಗುಂಟೆಗೆ 1,089 ಚದರ ಅಡಿ. ಒಟ್ಟು 43,560. ನಿನ್ನ ಸೈಟು 1,200 ಅಡಿ. ಒಂದಿಂಚೂ ಬಿಡದೆ ಸೈಟು ಮಾಡಿದರೂ ಎಕರೆಗೆ 36. ಆದರೆ ಹಾಗೆ ಮಾಡಿದರೆ ನೀನು ಮನೆಗೆ ಹಾರಿಕೊಂಡು ಹೋಗಬೇಕು."

ದೋಸೆಯ ಅಂಚನ್ನು ಉದ್ದಕ್ಕೆ ಮುರಿದರು. "ಇದು ರಸ್ತೆ." ಬಾಯಿಗೆ ಹಾಕಿಕೊಂಡರು. ಇನ್ನೊಂದು ತುಂಡು. "ಇದು ಪಾರ್ಕ್." ಅದೂ ಹೋಯಿತು. "ಇದು ಸಿ.ಎ. ಸೈಟು. ಶಾಲೆಗೆ, ನೀರಿನ ಟ್ಯಾಂಕಿಗೆ, ಅಂಗನವಾಡಿಗೆ ಅಂತ ಬಿಡೋದು. ಇದನ್ನೆಲ್ಲ ರಿಜಿಸ್ಟರ್ ಮಾಡಿಸಿ ಪುಕ್ಕಟೆ ಬರೆದುಕೊಡಬೇಕು."

"ನಿಮಗಾ?" ಪುಟ್ಟಸ್ವಾಮಿ ತಟ್ಟೆಯನ್ನೇ ನೋಡುತ್ತಿದ್ದ.

"ಪ್ರಾಧಿಕಾರಕ್ಕೆ. ಈಗ ಉಳಿದಿರೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎಕರೆಗೆ 20 ಸೈಟು ಆದರೆ ಹೆಚ್ಚು. ಎರಡು ಎಕರೆಗೆ 40. ನಿನ್ನ ಪುಣ್ಯಾತ್ಮ 64 ಮಾಡಿದ್ದಾನೆ. ಮಿಕ್ಕ 24 ಎಲ್ಲಿಂದ ಬಂತು?"

"ರಸ್ತೆಯಿಂದ" ಅಂದ ರಹೀಂ. "ಪಾರ್ಕ್ ನೋಡಿ ಇಲ್ಲಿ. ಅಂಚೆ ಚೀಟಿ ಥರ ಇದೆ. ಬೆಂಚ್ ಹಾಕಿದರೆ ಕೂತವನ ಕಾಲು ಯಾರದೋ ಅಡುಗೆಮನೆಯಲ್ಲಿರುತ್ತೆ."

"ಸಾಂಬಾರನ್ನು ಯಾಕೆ ಸುಮ್ನೆ ಬಿಟ್ಟಿರಿ?" ಅಂತ ನಾನು ಕೇಳಿದೆ. ಕೇಳಬಾರದಿತ್ತು.

"ಅದು ಬಿ ಖರಾಬು" ಅಂತ ಬಟ್ಟಲನ್ನೂ ಎಳೆದುಕೊಂಡರು. "ಹಳ್ಳ, ದಾರಿ, ಕಾಲುವೆ. ಸಾರ್ವಜನಿಕರದು. ಮಾರೋ ಹಾಗಿಲ್ಲ. ನಕ್ಷೆಯ ಈ ಮೂಲೆಯಲ್ಲಿ ಒಂದು ಗೆರೆ ವಂಕಿವಂಕಿಯಾಗಿ ಹೋಗಿದೆ ನೋಡು. ರಸ್ತೆ ಯಾವತ್ತಾದರೂ ಹಾಗೆ ಹೋಗುತ್ತಾ? ನೀರು ಮಾತ್ರ ಹಾಗೆ ಹೋಗೋದು."

ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ, ಎಲ್ಲಿ ಅಂತ ಹುಡುಕಿದೆವು. ಅದರ ಮಿತಿ 500 ಚದರ ಮೀಟರ್, ಅಂದರೆ ಐದು ಗುಂಟೆಯೂ ಇಲ್ಲ. ಅದಕ್ಕಿಂತ ದೊಡ್ಡ ಲೇಔಟಾದರೆ 2016ರ ಕಾಯ್ದೆ ಪ್ರಕಾರ ನೋಂದಣಿ ಆಗದೆ ಜಾಹೀರಾತು ಕೊಡುವ ಹಾಗೇ ಇಲ್ಲ. ಕರಪತ್ರದಲ್ಲಿ ಫೋನ್ ನಂಬರು ಐದು ಇದ್ದವು. ಇದೊಂದು ನಂಬರು ಇರಲಿಲ್ಲ.

"ಅಪ್ಲೈ ಮಾಡಿದ್ದಾರಂತೆ" ಅಂದ ಪುಟ್ಟಸ್ವಾಮಿ. ದನಿ ಅಷ್ಟು ಹೊತ್ತಿಗೆ ಇಳಿದಿತ್ತು.

ರಹೀಂಗೆ ಇಂಥ ಲೇಔಟ್‌ಗಳು ಹೊಸದಲ್ಲ. "ಒಬ್ಬರಿಗೆ ಮನೆ ಕಟ್ಟಿಕೊಟ್ಟೆ. ಕರೆಂಟು ತಾತ್ಕಾಲಿಕ ಕನೆಕ್ಷನ್ ಅಂತ ತಗೊಂಡ್ರು. ಗೃಹಪ್ರವೇಶದ ದಿನ ಅವರ ಮಗಳು ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದಳು. ಮೊನ್ನೆ ಅವಳ ಮದುವೆ ಆಯ್ತು. ಕನೆಕ್ಷನ್ ಇನ್ನೂ ತಾತ್ಕಾಲಿಕ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನದೂ ಒಂದು ರೆವಿನ್ಯೂ ಸೈಟು ಇದೆ, ಅಂದರೆ ಲೇಔಟ್ ಒಪ್ಪಿಗೆ ಇಲ್ಲದ್ದು. ಅಪ್ರೂವ್ ಆದ ಸೈಟಿನ ರೇಟು ಕೇಳಿ ತಲೆ ತಿರುಗಿ, ಅರ್ಧ ರೇಟಿಗೆ ಸಿಕ್ಕಿತು ಅಂತ ತಗೊಂಡೆ. ನನ್ನಂಥವರು ಗೊತ್ತಿಲ್ಲದೆ ಬೀಳುವುದಿಲ್ಲ, ಗೊತ್ತಿದ್ದೇ ಬೀಳುತ್ತೇವೆ. ಪಂಚಾಯ್ತಿಯ ಆಸ್ತಿ ದಾಖಲೆ ಕೊಡುವ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11-ಎ ಸಿಗುತ್ತದೆ ಅಂತ ಮಾರಿದವನು ಹೇಳಿದ್ದ. ಸಿಕ್ಕಿದ್ದು ಒಪ್ಪಿಗೆ ಇಲ್ಲದ ಸೈಟಿಗೆ ಕೊಡುವ 11-ಬಿ. ಒಂದು ಅಕ್ಷರ ತಾನೇ ಅಂದುಕೊಂಡೆ. ಆ ಒಂದು ಅಕ್ಷರಕ್ಕೆ ಬ್ಯಾಂಕಿನ ಮ್ಯಾನೇಜರು ಫೈಲನ್ನು ವಾಪಸ್ ತಳ್ಳಿದ ವೇಗ ನೋಡಬೇಕಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬಿ ಅನ್ನುವುದಿಲ್ಲ. ಬಿಸಿಬೇಳೆಬಾತ್ ಮಾಡಿದ ದಿನ ಹೆಂಡತಿ ನನ್ನ ಮುಖ ನೋಡಿ ನಗುತ್ತಾಳೆ.

"ದಂಡ ಕಟ್ಟಿದ್ರೆ ಅಕ್ರಮ ಸಕ್ರಮ ಸ್ಕೀಮಲ್ಲಿ ಸರಿಹೋಗುತ್ತೆ ಅಲ್ವಾ?" ಪುಟ್ಟಸ್ವಾಮಿ ಕೊನೆಯ ಬಾಣ ಬಿಟ್ಟ.

"ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು" ಅಂದರು ಸುಬ್ಬಣ್ಣನವರು. "ಅದನ್ನು ನಂಬಿಕೊಂಡು ಸೈಟು ತಗೊಳ್ಳೋದೂ, ಡಾಕ್ಟರು ಇದ್ದಾರೆ ಅಂತ ಬಾವಿಗೆ ಹಾರೋದೂ ಒಂದೇ."

ಅಷ್ಟರಲ್ಲಿ ಪುಟ್ಟಸ್ವಾಮಿಯ ಫೋನು ಬಡಿದುಕೊಂಡಿತು. ಬ್ರೋಕರ್. ಸ್ಪೀಕರಿಗೆ ಹಾಕು ಅಂದೆವು.

"ಸಾರ್, ಇವತ್ತೇ ಟೋಕನ್ ಮಾಡಿದ್ರೆ ಅಡಿಗೆ ಐವತ್ತು ಕಮ್ಮಿ."

ಪುಟ್ಟಸ್ವಾಮಿ ನಮ್ಮೆಲ್ಲರ ಮುಖ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ: "ಅಲ್ರೀ, ಲೇಔಟ್ ಯಾರು ಅಪ್ರೂವ್ ಮಾಡಿದ್ದು?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಹಳ ವಿನಯದಿಂದ ಉತ್ತರ ಬಂತು. "ನಮ್ಮ ಓನರೇ ಸಾರ್. ಪ್ರತಿಯೊಂದು ಸೈಟನ್ನೂ ಖುದ್ದಾಗಿ ನೋಡಿ ಅಪ್ರೂವ್ ಮಾಡಿದ್ದಾರೆ."

ರಹೀಂ ಕುಡಿಯುತ್ತಿದ್ದ ಕಾಫಿ ಮೂಗಿಗೆ ಏರಿತು. ಪುಟ್ಟಸ್ವಾಮಿ ಫೋನು ಕಟ್ ಮಾಡಲು ಬೆರಳು ಚಾಚಿದ. ಸುಬ್ಬಣ್ಣನವರು ಅವನ ಕೈ ಹಿಡಿದರು. ಫೋನಿನ ಹತ್ತಿರ ಬಗ್ಗಿದರು.

"ಅಲ್ಲಪ್ಪಾ, ಮಧ್ಯಾಹ್ನದ ಬಸ್ಸು ಎಷ್ಟು ಗಂಟೆಗೆ? ನಾಲ್ಕು ಜನ ಬರ್ತೀವಿ. ಊಟಕ್ಕೆ ಒಬ್ಬಟ್ಟು ಇದೆ ತಾನೆ?"

"ಇದೆ ಸಾರ್, ತುಪ್ಪದ ಜೊತೆ."

"ಸರಿ" ಅಂತ ಎದ್ದರು. "ಮನೆಗೆ ಹೋಗಿ ಟೇಪು ತರ್ತೀನಿ. ಆ ವಂಕಿ ಗೆರೆ ಎಷ್ಟು ಅಗಲ ಇದೆ ನೋಡೋಣ."

ಪುಟ್ಟಸ್ವಾಮಿ ಖಾಲಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಇನ್ನೊಂದು ಮಸಾಲೆ ಹೇಳಿದ. ಈ ಸಲ ತಟ್ಟೆಯ ಸುತ್ತ ಎರಡೂ ಕೈ ಇಟ್ಟು ಕಾಂಪೌಂಡ್ ಹಾಕಿಕೊಂಡು ಕೂತ.