ಸರ್ವರ್ ಸತ್ತಿದೆ, ಡಿಸ್ಕ್‌ಗಳು ಉಳಿದಿವೆ: ಡೇಟಾ ತೆಗೆಯುವುದು ಹೇಗೆ?

ಪ್ರಶ್ನೆ: ಆಫೀಸಿನ ಹಳೆ ಸರ್ವರ್‌ನ ಮದರ್‌ಬೋರ್ಡ್ ಕೈಕೊಟ್ಟಿದೆ. ಲಿನಕ್ಸ್ ಇತ್ತು. 2 ಟಿಬಿಯ ನಾಲ್ಕು ಡಿಸ್ಕ್, ರೇಡ್ 5 (ನಾಲ್ಕನ್ನೂ ಒಂದೇ ಗುಂಪು ಮಾಡಿ ಡೇಟಾ ಹಂಚಿಡುವ ವ್ಯವಸ್ಥೆ). ಅವನ್ನು ಬಿಚ್ಚಿ, ಯುಎಸ್‌ಬಿ ಡಾಕ್‌ಗೆ ಒಂದೊಂದಾಗಿ ಹಾಕಿ, ಹೊಸ ವಿಂಡೋಸ್ ಮಷಿನ್‌ನಲ್ಲಿ ನೋಡಿದೆ. ಪ್ರತಿ ಸಲ 'ಡಿಸ್ಕ್ ಇನಿಷಿಯಲೈಸ್ ಮಾಡಲಾ' ಅಂತ ಕೇಳುತ್ತದೆ. ಭಯವಾಗಿ ಕ್ಯಾನ್ಸಲ್ ಒತ್ತಿದೆ. ನಾಲ್ಕನೆಯದು ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದೆ. ಬ್ಯಾಕಪ್ ತುಂಬಾ ಹಳೆಯದು. ಲೆಕ್ಕದ ಫೈಲುಗಳು ಮತ್ತು ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಬೇಕೇ ಬೇಕು. ಏನು ಮಾಡಲಿ ಸರ್?

ಉತ್ತರ: ಕ್ಯಾನ್ಸಲ್ ಒತ್ತಿದ್ದು ಒಳ್ಳೆಯದಾಯಿತು. ವಿಂಡೋಸ್‌ಗೆ ಲಿನಕ್ಸ್ ರೇಡ್‌ನ ಗುರುತು ಅರ್ಥವಾಗುವುದಿಲ್ಲ. ಹೀಗಾಗಿ ಡಿಸ್ಕ್ ಖಾಲಿ ಅಂದುಕೊಂಡು ಕೇಳುತ್ತದೆ. ಹೂಂ ಅಂದರೆ ಡಿಸ್ಕ್‌ನ ಶುರುವಿನ ಭಾಗದ ಮೇಲೆ ಹೊಸದನ್ನು ಬರೆದುಬಿಡುತ್ತದೆ. ನನ್ನ ಹತ್ತಿರ ಬಂದ ಕೇಸುಗಳಲ್ಲಿ ಡಿಸ್ಕ್ ಕೆಟ್ಟು ಹೋದ ಡೇಟಾಕ್ಕಿಂತ ಹೀಗೆ ಅವಸರದಲ್ಲಿ ಹೋದದ್ದೇ ಜಾಸ್ತಿ.

ಒಂದು ವಿಷಯ ಹೇಳಿ. ಡಿಸ್ಕ್‌ಗಳ ಕೇಬಲ್ ನೇರ ಬೋರ್ಡ್‌ಗೆ ಹೋಗುತ್ತಿತ್ತಾ, ಇಲ್ಲಾ ನಡುವೆ ರೇಡ್ ಕಾರ್ಡ್ ಇತ್ತಾ? ಕಾರ್ಡ್ ಇದ್ದರೆ ಅದನ್ನು, ಅಥವಾ ಅದೇ ಸರಣಿಯ ಇನ್ನೊಂದನ್ನು, ಹೊಸ ಮಷಿನ್‌ಗೆ ಹಾಕಿ 'ಫಾರಿನ್ ಕಾನ್ಫಿಗ್' (ಡಿಸ್ಕ್‌ಗಳಲ್ಲಿರುವ ಹಳೆ ರೇಡ್ ವಿವರ) ಇಂಪೋರ್ಟ್ ಮಾಡುವ ದಾರಿ ಬೇರೆ.

ಪ್ರಶ್ನೆ ಕೇಳಿದವರು: ನೇರ ಬೋರ್ಡ್‌ಗೇ ಸರ್. ಎಂಡಿಎಡಿಎಂ ಅಂತ ಯಾರೋ ಬರೆದಿಟ್ಟ ಚೀಟಿ ಇದೆ.

ಉತ್ತರ: ಹಾಗಾದರೆ ಕೆಲಸ ಸಲೀಸು. ಎಂಡಿಎಡಿಎಂ ಅಂದರೆ ಕಾರ್ಡ್ ಇಲ್ಲದೆ ಲಿನಕ್ಸ್‌ನಲ್ಲೇ ರೇಡ್ ನಡೆಸುವ ಸಾಧನ. ಸಾಫ್ಟ್‌ವೇರ್ ರೇಡ್‌ನಲ್ಲಿ ಪ್ರತಿ ಡಿಸ್ಕ್ ತನ್ನ ಪರಿಚಯ ಚೀಟಿಯನ್ನು ಹೊತ್ತುಕೊಂಡೇ ಇರುತ್ತದೆ. ಅದಕ್ಕೆ ಸೂಪರ್‌ಬ್ಲಾಕ್ ಅನ್ನುತ್ತಾರೆ. ಯಾವ ಗುಂಪು, ಎಷ್ಟನೆಯ ಡಿಸ್ಕ್, ಚಂಕ್ (ಒಂದೊಂದು ಡಿಸ್ಕ್‌ಗೆ ಹಂಚುವ ಡೇಟಾ ತುಂಡಿನ ಅಳತೆ) ಎಷ್ಟು, ಎಲ್ಲಾ ಅದರಲ್ಲಿದೆ. ಬೋರ್ಡ್ ಯಾವುದಾದರೂ ಲಿನಕ್ಸ್ ಅದನ್ನು ಓದಿಕೊಳ್ಳುತ್ತದೆ.

ಡಿಸ್ಕ್‌ಗಳ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಹೊಸ ಮಷಿನ್ನನ್ನು ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಡಾಕ್ ಬೇಡ, ಸಾಟಾ ಕೇಬಲ್ಲೇ ಹಾಕಿ. ಕೆಲವು ಡಾಕ್‌ಗಳು ಸೆಕ್ಟರ್ (ಡಿಸ್ಕ್‌ನ ಅತಿ ಚಿಕ್ಕ ತುಂಡು) ಅಳತೆಯನ್ನೇ ಬದಲಿಸಿ ತೋರಿಸುತ್ತವೆ. ಟಿಕ್ ಅನ್ನುವುದನ್ನು ಪಕ್ಕಕ್ಕಿಡಿ. ರೇಡ್ 5ಕ್ಕೆ ನಾಲ್ಕರಲ್ಲಿ ಮೂರು ಸಾಕು, ಉಳಿದ ಒಂದರ ಪಾಲನ್ನು ಅವುಗಳಿಂದ ಲೆಕ್ಕ ಹಾಕಿ ತೆಗೆಯುತ್ತದೆ.

ಮೊದಲು ಮೂರನ್ನೂ ಜಿಎನ್‌ಯು ಡಿಡಿರೆಸ್ಕ್ಯೂನಿಂದ (ಕೆಟ್ಟ ಡಿಸ್ಕನ್ನೂ ಆದಷ್ಟು ಓದಿ ಕಾಪಿ ಮಾಡುವ ಸಾಧನ) ಇಮೇಜ್ ಮಾಡಿ, ಅಂದರೆ ಇಡೀ ಡಿಸ್ಕ್‌ನ ಪ್ರತಿ ತೆಗೆಯಿರಿ. ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಯುವುದು ಅದರಿಂದಲೇ. ಸೆಕೆಂಡಿಗೆ 150 ಎಂಬಿ ಓದಿದರೂ ಒಂದು ಡಿಸ್ಕ್‌ಗೆ ನಾಲ್ಕು ಗಂಟೆ ಹತ್ತಿರ ಬೇಕು. ಇಮೇಜ್‌ಗಳಿಗೇ 6 ಟಿಬಿ ಜಾಗ, ಹೊರತೆಗೆದ ಫೈಲುಗಳಿಗೆ ಬೇರೆ. ಮುಗಿದ ಮೇಲೆ ಎಂಡಿಎಡಿಎಂನಲ್ಲಿ 'ಎಕ್ಸಾಮಿನ್' ಕೊಟ್ಟು ಇವೆಂಟ್ಸ್ ಸಂಖ್ಯೆ (ಗುಂಪಿನಲ್ಲಿ ಬದಲಾವಣೆ ಆದಂತೆ ಏರುವ ಎಣಿಕೆ) ಹೇಳಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲಾ ಯಾಕೆ ಸರ್? ಎಂಡಿಎಡಿಎಂನಲ್ಲಿ 'ಕ್ರಿಯೇಟ್' (ಗುಂಪನ್ನು ಹೊಸದಾಗಿ ಕಟ್ಟುವುದು) ಜೊತೆ 'ಅಸ್ಯೂಮ್ ಕ್ಲೀನ್' (ಡೇಟಾ ಸರಿ ಇದೆ ಅಂದುಕೋ) ಕೊಟ್ಟರೆ ಬರುತ್ತದೆ ಅಲ್ವಾ?

ಉತ್ತರ: ಬರಲೂಬಹುದು, ಎಲ್ಲಾ ಹಳೆಯದರಂತೆಯೇ ಕೊಟ್ಟರೆ. ಆದರೆ ಅದು ಆ ಪರಿಚಯ ಚೀಟಿಯನ್ನು ಹರಿದು ಹೊಸದು ಬರೆಯುತ್ತದೆ. ಡಿಫಾಲ್ಟ್ ಚಂಕ್ ಮೊದಲು 64 ಕೆಬಿ ಇತ್ತು, ಈಗ 512. ಡೇಟಾ ಶುರುವಾಗುವ ಜಾಗವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಚೀಟಿ ಇರುವಾಗ ಅದನ್ನು ಹರಿದು ಊಹೆ ಮಾಡುವುದು ಯಾಕೆ? ನಮಗೆ ಬೇಕಾದದ್ದು 'ಅಸೆಂಬಲ್' (ಇರುವ ಚೀಟಿ ಓದಿ ಗುಂಪನ್ನು ಜೋಡಿಸುವುದು), ಅಷ್ಟೇ.

ಪ್ರಶ್ನೆ ಕೇಳಿದವರು: ಇಮೇಜ್ ಆಯಿತು. 1 ಮತ್ತು 2ರ ಇವೆಂಟ್ಸ್ ಒಂದೇ. 3ರದ್ದು ತುಂಬಾ ಹಿಂದಿದೆ, ಅಪ್‌ಡೇಟ್ ಟೈಮ್ ಎಂಟು ತಿಂಗಳ ಹಿಂದಿನದು.

ಉತ್ತರ: ಛೆ. ಅಂದರೆ ಮೂರನೆಯದು ಎಂಟು ತಿಂಗಳ ಹಿಂದೆಯೇ ಗುಂಪಿನಿಂದ ಬಿದ್ದಿದೆ, ಯಾರೂ ಗಮನಿಸಿಲ್ಲ. ಅಷ್ಟು ದಿನ ಉಳಿದ ಮೂರರ ಮೇಲೇ ಸರ್ವರ್ ಓಡಿದೆ. ಅದನ್ನು ಒತ್ತಾಯದಿಂದ ಸೇರಿಸಬೇಡಿ. ಹಳೆ ತುಂಡು, ಹೊಸ ತುಂಡು ಬೆರೆತು ಫೈಲುಗಳು ಕಲಸುಮೇಲೋಗರ ಆಗುತ್ತವೆ. ನಮಗೆ ಬೇಕಾದದ್ದು ಆ ಟಿಕ್ ಟಿಕ್ ಡಿಸ್ಕೇ.

ಇದನ್ನು ಮೊದಲೇ ಕೇಳಬೇಕಿತ್ತು, ನನ್ನದೇ ತಪ್ಪು: ಆ ಸದ್ದು ಕೇಳಿದ್ದು ಡಾಕ್‌ನಲ್ಲಿ ಮಾತ್ರವಾ? ಡಾಕ್‌ನ ಅಡಾಪ್ಟರ್ ಕರೆಂಟ್ ಸಾಲದೆ ಇದ್ದರೂ 3.5 ಇಂಚಿನ ಡಿಸ್ಕ್ ಹಾಗೆ ಟಿಕ್ ಅನ್ನುತ್ತದೆ. ಮಷಿನ್ನಿನ ಒಳಗಿನ ಪವರ್ ಕೇಬಲ್‌ಗೆ ಒಂದೇ ಒಂದು ಸಲ ಹಾಕಿ. ಡಿಡಿರೆಸ್ಕ್ಯೂ ಮೊದಲೇ ತಯಾರಿರಲಿ. ಮತ್ತೆ ಟಿಕ್ ಅಂದರೆ ತಕ್ಷಣ ಆಫ್ ಮಾಡಿ, ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬ್‌ಗೆ ಕಳಿಸಿ. ಸುಮ್ನೆ ಆನ್, ಆಫ್ ಮಾಡುತ್ತಾ ಕೂತರೆ ಹೆಡ್ ಪ್ಲೇಟನ್ನು ಗೀರಬಹುದು. ಆಮೇಲೆ ಲ್ಯಾಬ್‌ನವರೂ ಏನೂ ಮಾಡಲಾರರು.

ಪ್ರಶ್ನೆ ಕೇಳಿದವರು: ಸರ್, ಸದ್ದೇ ಇಲ್ಲ! ರಾತ್ರಿಯಿಡೀ ಓದಿತು. 37 ಸೆಕ್ಟರ್ ಮಾತ್ರ ಬರಲಿಲ್ಲ. ಇವೆಂಟ್ಸ್ 1 ಮತ್ತು 2ಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಇಮೇಜ್‌ಗಳನ್ನು ಲೂಪ್ ಡಿವೈಸ್ ಮಾಡಿ (ಫೈಲೇ ಡಿಸ್ಕ್‌ನಂತೆ ಕಾಣುವ ಹಾಗೆ) ಅಸೆಂಬಲ್ ಕೊಟ್ಟರೆ 'ಡರ್ಟಿ ಡಿಗ್ರೇಡೆಡ್' ಅಂತ ಬಂದು ಶುರುವೇ ಆಗುತ್ತಿಲ್ಲ.

ಉತ್ತರ: ಒಂದು ಡಿಸ್ಕ್ ಕಡಿಮೆ, ಜೊತೆಗೆ ಸರ್ವರ್ ದಿಢೀರ್ ನಿಂತಿತಲ್ಲ, ಅದಕ್ಕೆ ಹಾಗೆ. ಇಲ್ಲಿ ಫೋರ್ಸ್ (ಒತ್ತಾಯದ ಆಯ್ಕೆ) ಕೊಡಬಹುದು. ಯಾಕಂದರೆ 1, 2, 4ರ ಇವೆಂಟ್ಸ್ ಒಂದೇ, ಮತ್ತು ನೀವು ಕೈಯಾಡಿಸುತ್ತಿರುವುದು ಇಮೇಜ್ ಮೇಲೆ. ಮೂಲ ಡಿಸ್ಕ್ ಆಗಿದ್ದರೆ ನಾನು ಹೂಂ ಅನ್ನುತ್ತಿರಲಿಲ್ಲ. ಒಳಗೆ ಎಲ್‌ವಿಎಂ (ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಲಿನಕ್ಸ್ ವ್ಯವಸ್ಥೆ) ಇದ್ದರೆ ವಾಲ್ಯೂಮ್ ಗ್ರೂಪನ್ನು ಆ್ಯಕ್ಟಿವೇಟ್ ಮಾಡಿ. ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಆದರೆ ರೀಡ್ ಓನ್ಲಿ ಜೊತೆ 'ನೋಲೋಡ್' ಕೂಡ ಕೊಟ್ಟು ಮೌಂಟ್ ಮಾಡಿ. ಬರೀ ರೀಡ್ ಓನ್ಲಿ ಅಂದರೂ ಅದು ಜರ್ನಲ್ (ಅರ್ಧಕ್ಕೆ ನಿಂತ ಬರಹಗಳ ದಾಖಲೆ) ಓಡಿಸಿ ಬರೆಯುತ್ತದೆ.

ಆ 37 ಸೆಕ್ಟರ್ ಜಾಗದಲ್ಲಿ ಈಗ ಸೊನ್ನೆಗಳಿವೆ. ಅವುಗಳಿಂದ ಲೆಕ್ಕ ಹಾಕಿ ತೆಗೆಯುವ ಮೂರನೆಯ ಡಿಸ್ಕಿನ ಪಾಲೂ ಅಲ್ಲಿ ಕೆಟ್ಟಿರುತ್ತದೆ. ಖಾಲಿ ಜಾಗವಾಗಿದ್ದರೆ ಬಚಾವ್. ಮುಖ್ಯ ಫೈಲುಗಳನ್ನು ತೆರೆದು ನೋಡಿ.

ಪ್ರಶ್ನೆ ಕೇಳಿದವರು: ಫೋಲ್ಡರ್‌ಗಳು ಕಾಣುತ್ತಿವೆ ಸರ್, ಲೆಕ್ಕದ ಫೈಲುಗಳೆಲ್ಲಾ ತೆರೆದುಕೊಂಡವು! ಡೇಟಾಬೇಸ್ ಹೇಗೆ ತೆಗೆಯಲಿ? ಫೈಲುಗಳ ಮಾಲೀಕರ ಹೆಸರಿನ ಜಾಗದಲ್ಲಿ ಬರೀ ನಂಬರ್ ಕಾಣುತ್ತಿದೆ.

ಉತ್ತರ: ನಂಬರ್ ಕಂಡರೆ ಹೆದರಬೇಡಿ. ಡಿಸ್ಕ್ ಮೇಲೆ ಇರುವುದೇ ನಂಬರ್. ಹೆಸರುಗಳು ಹಳೆ ಸಿಸ್ಟಮ್‌ನ ಪಾಸ್‌ವರ್ಡ್ ಫೈಲಿನಲ್ಲಿದ್ದವು. ಮೈಎಸ್‌ಕ್ಯೂಎಲ್ ಡೇಟಾ ಫೋಲ್ಡರನ್ನು ಇಡಿಯಾಗಿ, ಲಾಗ್ ಫೈಲುಗಳ ಸಮೇತ, ಬೇರೆ ಕಡೆಗೆ ಕಾಪಿ ಮಾಡಿ. ಒಂದೊಂದು ಟೇಬಲ್ ಫೈಲ್ ಆರಿಸಿ ತೆಗೆಯಬೇಡಿ. ಮೊದಲು ಇದ್ದ ಆವೃತ್ತಿಯನ್ನೇ ಹಾಕಿ, ಫೋಲ್ಡರಿನ ಮಾಲೀಕರನ್ನು ಮೈಎಸ್‌ಕ್ಯೂಎಲ್ ಯೂಸರ್‌ಗೆ ಬದಲಿಸಿ, ಸ್ಟಾರ್ಟ್ ಮಾಡಿ. ಎದ್ದರೆ ಮೊದಲ ಕೆಲಸ ಡಂಪ್ (ಇಡೀ ಡೇಟಾಬೇಸ್‌ನ ಪ್ರತಿ ಒಂದು ಫೈಲಿಗೆ) ತೆಗೆಯುವುದು. ಡಂಪ್ ನಡುವೆ ನಿಂತರೆ ಯಾವ ಟೇಬಲ್‌ನಲ್ಲಿ ನಿಂತಿತು ಅಂತ ಇಲ್ಲೇ ಬರೆಯಿರಿ, ಮುಂದಿನದನ್ನು ನೋಡೋಣ.